ಬಲನಳಿಗೆಯ ಗುಂಡು

ಆಗಸ್ಟ್ 2

ಬೆಳಿಗ್ಗೆ 16 ಡಿಗ್ರಿ. ದಟ್ಟ ಮಂಜು. ಗಾಳಿ ಇಲ್ಲ.

ಇನ್ನೂ ನಾಲ್ಕು ಜೇನುಪೆಟ್ಟಿಗೆ ಹೋದವು. ಜುಲೈನಿಂದ ಒಟ್ಟು ಹನ್ನೊಂದು. ಈ ಕರಡಿಗೆ ಅವಸರವೇ ಇಲ್ಲ. ಮುಚ್ಚಳಗಳನ್ನು ಮನೆಯವರ ಹಾಗೆ ತೆಗೆದು ಪಕ್ಕಕ್ಕಿಟ್ಟಿದೆ. ಜೇನಿನ ಚೌಕಟ್ಟುಗಳನ್ನು ಹೊಳೆಯ ದಂಡೆಯ ತನಕ ಎಳೆದುಕೊಂಡು ಹೋಗಿ ಮೇಣದ ಸಮೇತ ಅಗಿದು ಉಗಿದಿದೆ. ಗೂಡು ಕಳೆದುಕೊಂಡ ಹುಳುಗಳು ಒದ್ದೆ ಹುಲ್ಲಿನ ಮೇಲೆ ಮುದ್ದೆಯಾಗಿ ಕೂತಿದ್ದವು. ಕೈಯಿಂದ ಬಾಚಿ ಬಾಚಿ ಬೇರೆ ಪೆಟ್ಟಿಗೆಗೆ ತುಂಬಿದೆ. ಒಂದೂ ಕಚ್ಚಲಿಲ್ಲ.

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಕಟ್ಟಿದ್ದಾಯಿತು. ಡಬ್ಬಿಗಳನ್ನು ತೂಗುಹಾಕಿದ್ದಾಯಿತು. ಸುತ್ತ ಎಳೆದ ಕರೆಂಟು ತಂತಿಯ ಕೆಳಗೆ ಮಣ್ಣು ತೋಡಿ ನುಸುಳಿ ಬಂದಿದೆ. ರಾತ್ರಿಯಿಡೀ ರೇಡಿಯೋ ಹಾಕಿಟ್ಟಿದ್ದೆ. ಹಾಡು ಕೇಳಿಕೊಂಡೇ ತಿಂದಿದೆ.

ಮಧ್ಯಾಹ್ನ ಊರಿನಿಂದ ಎದುವಾರ್ದ್ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. ಊರಿನ ಅಂಗಡಿ ಅವನದೇ. ಈ ಬಯಲಿನಲ್ಲಿ ಪಟ್ಟಣದವರಿಗೆ ಮರದ ಮನೆ ಕಟ್ಟಿ ಬಾಡಿಗೆಗೆ ಕೊಡಬೇಕೆಂದು ಎರಡು ವರ್ಷದಿಂದ ನನ್ನ ಹಿಂದೆ ಬಿದ್ದಿದ್ದಾನೆ.

"ಕಪಿತೊಲಿನಾ ಯೆಗೋರೊವ್ನಾ, ಸಾಕು ಮಾಡಿ ಹಠ. ಉಳಿದಿರೋ ಪೆಟ್ಟಿಗೆಗಳನ್ನ ನಾನೇ ಹೇರ್ಕೊಂಡು ಹೋಗ್ತೀನಿ. ಊರಿಗಿಳಿದುಬಿಡಿ. ಕರಡಿ ವಿಷಯ ನಾನು ನೋಡ್ಕೋತೀನಿ."

"ಊರಲ್ಲಿ ಹುಳಕ್ಕೆ ಹೂ ಕೊಡೋ ಲೀಪಾ ಮರ ಎಲ್ಲಿದೆಯಪ್ಪಾ? ನಿನ್ನ ಅಂಗಡಿ ಹಿಂದೆ ಬೆಳೆಸಿದ್ದೀಯಾ? ಹುಳ ಏನು ನಿನ್ನ ಸಕ್ಕರೆ ಮೂಟೆ ನೆಕ್ಕಬೇಕಾ?"

ನಗುತ್ತಾ ಹೋದ. ನಗಲಿ. ಇಪ್ಪತ್ತೊಂಬತ್ತು ವರ್ಷ ಹವಾಮಾನ ಠಾಣೆಯಲ್ಲಿ ಕೆಲಸ ಮಾಡಿದವಳು ನಾನು. ಮೂರು ಗಂಟೆಗೊಮ್ಮೆ, ಹಿಮಗಾಳಿಯಿದ್ದರೂ ಹಗ್ಗ ಹಿಡಿದುಕೊಂಡು ಹೋಗಿ ಉಷ್ಣಮಾಪಕ ನೋಡಿ ಬಂದಿದ್ದೇನೆ. ಒಂದು ದಿನವೂ ಅಂದಾಜಿನ ಅಂಕಿ ಬರೆದಿಲ್ಲ. ಜೇನು ತಿನ್ನುವ ಒಂದು ಪ್ರಾಣಿಗೆ ಹೆದರಿ ಇಳಿದು ಹೋಗುವುದುಂಟೆ?

ಆಗಸ್ಟ್ 5

ಬೆಳಿಗ್ಗೆ 17 ಡಿಗ್ರಿ. ತೇವ.

ಜಿಲ್ಲಾ ಕೇಂದ್ರಕ್ಕೆ ಹೋಗಿ ಬಂದೆ. ಒಂದು ಕರಡಿಗೆ ಪರವಾನಗಿ ಸಿಕ್ಕಿತು. ಬೇಟೆ ಇಲಾಖೆಯ ಇನ್ಸ್‌ಪೆಕ್ಟರ್ ಒಳ್ಳೆಯವನೇ, ಆದರೆ ನನ್ನನ್ನು ನೋಡಿದಾಗಲೆಲ್ಲ ಅವನ ಅಜ್ಜಿಯ ನೆನಪಾಗುತ್ತದೋ ಏನೋ, ಕಣ್ಣಲ್ಲಿ ಕರುಣೆ ತುಂಬಿಕೊಳ್ಳುತ್ತಾನೆ.

"ಇದಕ್ಕೆ ರೈಫಲ್ ಬೇಕು ಅಮ್ಮಾ."

"ಕೊಡಿ ಹಾಗಾದ್ರೆ."

"ನೀವು ಕೋವಿ ತಗೊಂಡು ಎರಡೇ ವರ್ಷ. ಐದು ವರ್ಷ ತುಂಬೋ ತನಕ ಒಳಗೆ ಗೀರಿರೋ ನಳಿಗೆಯ ರೈಫಲ್ ಕೊಡೋ ಹಾಗಿಲ್ಲ. ಕಾನೂನು."

"ಹಾಗಾದ್ರೆ ಕರಡಿಗೂ ಹೇಳಿ, ಇನ್ನು ಮೂರು ವರ್ಷ ಬಿಟ್ಟು ಬಾ ಅಂತ."

ಆದ್ದರಿಂದ ನನ್ನ ನುಣುಪುನಳಿಗೆಯ ಜೋಡುಕೋವಿಯೇ ಗತಿ. ಅದರಲ್ಲಿ ಚರೆ ಹಾರಿಸಿದರೆ ಕರಡಿ ಮೈ ಕೆರೆದುಕೊಂಡು ಹೋಗುತ್ತದೆ. ಒಂಟಿಗುಂಡಿನ ತೋಟಾಗಳೇ ಬೇಕು. ಕೋವಿ ಅಂಗಡಿಯ ಗಡ್ಡದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಜಮಾನರಿಗಾ?" ಎಂದ.

"ಯಜಮಾನರಿಲ್ಲ. ಕೋವಿ ಇದೆ. ತೋಟಾ ತೋರಿಸಿ."

ಗೋಡೆಯ ಮೇಲಿನ ಚಿತ್ರದಲ್ಲಿದ್ದ ಕೆಂಪು ತೋಟಾವನ್ನೇ ಹೊಗಳಿ ಹೊಗಳಿ ಸುಸ್ತಾದ. ಹಗುರ ಗುಂಡು, ಮೂತಿ ಟೊಳ್ಳು, ಹಿಂದೆ ಪ್ಲಾಸ್ಟಿಕ್ ಬಾಲ. ನಾನು ಅವನ ಮಾತು ನಂಬಲಿಕ್ಕೆ ಬಂದಿರಲಿಲ್ಲ, ಅಳೆದು ನೋಡಲಿಕ್ಕೆ ಬಂದಿದ್ದೆ. ಕೆಂಪು ಒಂದು ಡಬ್ಬಿ ತೆಗೆದುಕೊಂಡೆ. ಉರುಟು ಸೀಸದ ಗುಂಡಿನ ನೀಲಿ ಒಂದು ಡಬ್ಬಿ. ಮೈಮೇಲೆ ಓರೆ ಗೀರುಗಳಿರುವ, ಹಿಂದೆ ಉಣ್ಣೆಯ ಬಿಲ್ಲೆ ಕಚ್ಚಿಕೊಂಡಿರುವ ಭಾರದ ಗುಂಡಿನ ಹಸಿರು ಒಂದು ಡಬ್ಬಿ. ಯಾವುದು ನನ್ನ ಕೋವಿಗೆ ಒಗ್ಗುತ್ತದೆಂದು ನನ್ನ ಕೋವಿಯೇ ಹೇಳಲಿ.

ಆಗಸ್ಟ್ 7

ಬೆಳಿಗ್ಗೆ 15 ಡಿಗ್ರಿ. ಪಡುವಣ ಗಾಳಿ, ಸಣ್ಣದು.

ಮೇಜಿನ ಮೇಲೆ ಮರಳಿನ ಚೀಲ, ಚೀಲದ ಮೇಲೆ ಕೋವಿ. ಮೂವತ್ತೈದು ಹೆಜ್ಜೆ ದೂರದಲ್ಲಿ ಹಲಗೆಗೆ ಕಾಗದ ಹೊಡೆದು ಮಧ್ಯೆ ಮಸಿಯ ಬೊಟ್ಟು ಇಟ್ಟೆ. ಮೊದಲು ಕೆಂಪು. ಬಲನಳಿಗೆಯಿಂದ ಮೂರು, ಎಡನಳಿಗೆಯಿಂದ ಮೂರು. ಆರನೆಯದಕ್ಕೆ ಭುಜ ಕಿತ್ತು ಬಂದ ಹಾಗಾಯಿತು.

ಕಾಗದದ ಹತ್ತಿರ ಹೋಗುವಷ್ಟರಲ್ಲಿ ಹೊಳೆಯಾಚೆಯಿಂದ ಕೂಗು ಕೇಳಿಸಿತು. "ಎಡನಳಿಗೆ ಗುಂಡು ಬಲಕ್ಕೆ ಬೀಳ್ತಿದೆ! ಎರಡನ್ನೂ ಒಂದೇ ಲೆಕ್ಕಕ್ಕೆ ತಗೋಬೇಡ!"

ಅರ್ಸೆಂತಿ. ಊರವರೆಲ್ಲ ಗೌರವದಿಂದ ಲುಕಿಚ್ ಎನ್ನುತ್ತಾರೆ, ನಾನು ಅನ್ನುವುದಿಲ್ಲ. ಅವನ ಗುಡಿಸಲು ಹೊಳೆಯಾಚೆಗೇ ಇದೆ. ಎಪ್ಪತ್ತು ದಾಟಿದ ಮೇಲೂ ಕಣ್ಣು ಹದ್ದಿನದು. ಒಂಬತ್ತು ವರ್ಷದ ಹಿಂದೆ ನನ್ನ ತಮ್ಮ ರೊದಿಯೋನ್‌ನನ್ನು ಕಾಡುಹಂದಿ ಬೇಟೆಗೆ ಕರೆದುಕೊಂಡು ಹೋಗಿ, ತನ್ನ ತೋಟಾ ಕೊಟ್ಟು, ಅವನ ಹೆಣ ಹೊತ್ತುಕೊಂಡು ಬಂದವನು. ಹಂದಿ ತೊಡೆ ಸೀಳಿತ್ತು. ರಸ್ತೆ ಸೇರುವ ಮೊದಲೇ ರಕ್ತವೆಲ್ಲ ಹೋಗಿತ್ತು. ಅಂಗಡಿಯ ಮುಂದೆ, ಊರಿಗೆ ಊರೇ ನೋಡುತ್ತಿದ್ದಾಗ, ನಾನು ಅವನ ಮುಖಕ್ಕೆ ಕೊಲೆಗಾರ ಎಂದಿದ್ದೆ. ಅಂದಿನಿಂದ ಅವನು ಎದುರಾದರೆ ನಾನು ದಾರಿ ಬದಲಿಸುತ್ತೇನೆ. ಅವನೂ ಅಷ್ಟೆ.

ಕಾಗದ ಕಿತ್ತುಕೊಂಡು ಒಳಗೆ ಹೋದೆ.

ಆಗಸ್ಟ್ 8

ಬೆಳಿಗ್ಗೆ 15.

ಎಡನಳಿಗೆಯ ತೂತುಗಳು ಒಂದು ಗೇಣು ಬಲಕ್ಕೆ. ಬಲನಳಿಗೆಯವು ಬೊಟ್ಟಿನ ಸುತ್ತಲೇ ಇವೆ. ಇದನ್ನು ಅವನು ಹೇಳಿದ್ದಕ್ಕಲ್ಲ, ಕಾಗದ ಹೇಳಿದ್ದಕ್ಕೆ ಬರೆದಿಡುತ್ತಿದ್ದೇನೆ.

ಆಗಸ್ಟ್ 10

ಬೆಳಿಗ್ಗೆ 18. ಮೋಡ.

ನೀಲಿ ತೋಟಾಗಳ ಸರದಿ. ಎರಡನ್ನು ನಳಿಗೆಗೆ ಹಾಕಿ ಕೋವಿ ಮುಚ್ಚಿದ್ದೆ. ಹೊಳೆಯಲ್ಲಿ ಜಳಬಳ ಸದ್ದಾಯಿತು. ನೋಡಿದರೆ ಆ ಮುದುಕ ಬೂಟು ಸಮೇತ ನೀರಿಗಿಳಿದು, ಬೀಳುತ್ತ ಏಳುತ್ತ ಬರುತ್ತಿದ್ದ.

"ಹೊಡೀಬೇಡ! ಆ ನೀಲಿ ಹೊಡೀಬೇಡ! ಕೋವಿ ಬಿಚ್ಚು!"

"ನನ್ನ ಬಯಲಿಗೆ ಕಾಲಿಡೋಕೆ ನಿನಗೆ ಯಾರು ಹೇಳಿದ್ರು?"

"ಆಮೇಲೆ ಬೈ. ಮೊದಲು ಬಿಚ್ಚು. ಒಂದು ತೋಟಾದ ಗುಂಡು ಹೊರಗೆ ತೆಗೆದು ನಳಿಗೆ ಬಾಯಲ್ಲಿಟ್ಟು ನೋಡು. ಒಳಗೆ ಇಳಿದ್ರೆ ನಾನು ಹೋಗ್ತೀನಿ, ಮತ್ತೆ ಬರಲ್ಲ."

ಮತ್ತೆ ಬರಲ್ಲ ಎಂದಿದ್ದಕ್ಕಾಗಿಯೇ ನೋಡಿದೆ. ಬಲನಳಿಗೆಯಲ್ಲಿ ಗುಂಡು ಉಜ್ಜಿಕೊಂಡು ಇಳಿಯಿತು. ಎಡನಳಿಗೆಯ ಬಾಯಿ ಬೇಟೆಗಾರರ ಮಾತಿನಲ್ಲಿ ಬಿಗಿ, ಅಂದರೆ ತುದಿಗೆ ಹೋದ ಹಾಗೆ ಕಿರಿದಾಗಿದೆ. ಗುಂಡು ಆ ಬಾಯಿಯ ಮೇಲೆ, ಬಟ್ಟಲಲ್ಲಿಟ್ಟ ಮೊಟ್ಟೆಯ ಹಾಗೆ ಕೂತುಬಿಟ್ಟಿತು. ಹೊಡೆದಿದ್ದರೆ ನಳಿಗೆ ಸೀಳುತ್ತಿತ್ತು. ಅದೇ ನಳಿಗೆಯ ಕೆಳಗೆ ನನ್ನ ಎಡಗೈ ಇರುತ್ತಿತ್ತು.

ಅವನ ಎರಡೂ ಕೈ ಒಂದೇ ಸಮನೆ ನಡುಗುತ್ತಿದ್ದವು. ಹೊಳೆಯ ಚಳಿಗೆಂದುಕೊಂಡೆ. ಅಲ್ಲವಂತೆ, ಕಾಯಿಲೆಯಂತೆ. ಎರಡು ವರ್ಷದ ಹಿಂದೆಯೇ ಕೋವಿಯನ್ನು ಪೊಲೀಸರಿಗೆ ಒಪ್ಪಿಸಿದ್ದಾನಂತೆ.

ಹೋದ. ಚಹಾ ಕೊಡಲಿಲ್ಲ.

ಆಗಸ್ಟ್ 13

ಬೆಳಿಗ್ಗೆ 16. ಮಳೆ ನಿಂತಿದೆ.

ಉಳಿದಿರುವುದು ಕೆಂಪು, ಹಸಿರು. ಕೆಂಪಿನದು ಚಂದದ ಗುರಿ: ಬಲನಳಿಗೆಯ ಮೂರು ತೂತನ್ನೂ ಒಂದು ಚಹಾ ಲೋಟದ ಬಾಯಿಂದ ಮುಚ್ಚಬಹುದು. ಹಸಿರಿನದು ಊಟದ ತಟ್ಟೆಯಷ್ಟು ಅಗಲ. ಐವತ್ತು ಹೆಜ್ಜೆಗೆ ಹೋದರೆ ದೇವರೇ ಗತಿ.

ಆದರೆ ನನಗೆ ಕಾಗದ ಕೊಲ್ಲಬೇಕಾಗಿಲ್ಲ. ಹಳೆಯ ಪತ್ರಿಕೆಗಳನ್ನು ಕಟ್ಟು ಕಟ್ಟಿ ಎರಡು ದಿನ ಮಳೆನೀರಿನ ಪೀಪಾಯಿಯಲ್ಲಿ ನೆನೆಸಿಟ್ಟಿದ್ದೆ. ಕಟ್ಟುಗಳನ್ನು ಸಾಲಾಗಿ ನಿಲ್ಲಿಸಿ ಇಪ್ಪತ್ತೈದು ಹೆಜ್ಜೆಯಿಂದ ಹೊಡೆದೆ. ಕೆಂಪು ಗುಂಡು ಎರಡನೆಯ ಕಟ್ಟಿನಲ್ಲೇ ಅಣಬೆಯ ಹಾಗೆ ಅರಳಿ ನಿಂತುಬಿಟ್ಟಿತ್ತು. ಹಸಿರಿನದು ಐದು ಕಟ್ಟನ್ನೂ ತೂರಿ ಹಿಂದಿನ ದಿಮ್ಮಿಗೆ ಹೊಕ್ಕಿತ್ತು. ಕೊಡಲಿಯಿಂದ ಬಿಡಿಸಿ ತೆಗೆದೆ. ಮೂತಿ ಸ್ವಲ್ಪ ಚಪ್ಪಟೆಯಾಗಿತ್ತು, ಅಷ್ಟೆ.

ಬೇಸಿಗೆ ಮುಗಿಯುವ ಹೊತ್ತಿಗೆ ಕರಡಿಯ ಮೈಮೇಲೆ ಎಷ್ಟು ಕೊಬ್ಬಿರುತ್ತದೆ ಎಂದು ಯಾರನ್ನಾದರೂ ಕೇಳಬೇಕಿತ್ತು. ಮುದುಕ ಮತ್ತೆ ದಂಡೆಯ ಮೇಲಿದ್ದ. ಕೂಗಿ ಕೇಳಿದೆ. ನಾಲ್ಕು ಬೆರಳು ತೋರಿಸಿದ. ಆಮೇಲೆ ಕರೆಯದೆಯೇ ಈಚೆಗೆ ಬಂದ.

"ಹಸಿರೇ," ಎಂದೆ.

"ಎಷ್ಟು ಹೆಜ್ಜೆಯಿಂದ?"

"ಮೂವತ್ತೈದು."

"ಇಪ್ಪತ್ತೈದು."

"ಈ ಕಾಗದ ಮೂವತ್ತೈದು ಅಂತಿದೆಯಲ್ಲ!"

"ಕಾಗದ ನಿನ್ನ ಕಡೆ ತಿರುಗಿ ಗುರ್ ಅನ್ನಲ್ಲ ಕಪಾ. ಅನ್ನೋವಾಗ ನಿನ್ನ ತಟ್ಟೆ ಪರಾತ ಆಗುತ್ತೆ. ಇಪ್ಪತ್ತೈದು."

ಯಾರಪ್ಪಾ ಇವನು ನನಗೆ ಹೇಳಲಿಕ್ಕೆ! ಆದರೂ ಲೀಪಾ ಮರದಿಂದ ಇಪ್ಪತ್ತೈದು ಹೆಜ್ಜೆಗೆ ಒಂದು ಗೂಟ ನೆಟ್ಟೆ.

ಆಗಸ್ಟ್ 17

ಇನ್ನೆರಡು ಪೆಟ್ಟಿಗೆ! ಗೂಟದ ಪಕ್ಕದಲ್ಲೇ ನಡೆದು ಹೋಗಿದೆ. ಹೆಜ್ಜೆಯ ಗುರುತಿನಲ್ಲಿ ನನ್ನ ಎರಡು ಪಾದವೂ ಹಿಡಿಸಿದವು.

ಅಂಗಡಿಗೆ ಉಪ್ಪು ತರಲು ಹೋದರೆ ಎದುವಾರ್ದ್, "ಅಕ್ಕಾ, ಗುಂಡಿನ ರುಚಿ ನೋಡ್ತಾ ಕೂತ್ರೆ ಅದು ಜೇನು ರುಚಿ ನೋಡಿ ಮುಗಿಸುತ್ತೆ," ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಕೆಂಪನ್ನೇ ಹಾಕಬೇಕಂತೆ, ಪಟ್ಟಣದವರೆಲ್ಲ ಅದನ್ನೇ ಹಾಕುತ್ತಾರಂತೆ.

"ಪಟ್ಟಣದಲ್ಲಿ ಎಷ್ಟು ಕರಡಿ ಹೊಡೆದಿದ್ದಾರೆ?" ಎಂದು ಕೇಳಿ ಉಪ್ಪು ತಗೊಂಡು ಬಂದೆ.

ಪೆಟ್ಟಿಗೆ ಇಪ್ಪತ್ತೇಳು ಉಳಿದಿವೆ. ಇಪ್ಪತ್ತೇಳೂ ಇಲ್ಲೇ ಇರುತ್ತವೆ.

ಆಗಸ್ಟ್ 19

ಬೆಳಿಗ್ಗೆ 14. ತಿಳಿ ಆಕಾಶ.

ಸೇಬಿನ ಹಬ್ಬ. ಮುದುಕ ತನ್ನ ಮರದ ಸೇಬುಗಳನ್ನು ಟೋಪಿಯಲ್ಲಿ ತುಂಬಿಕೊಂಡು ಬಂದ. ಹಬ್ಬದ ದಿನ ಬಾಗಿಲಿಗೆ ಬಂದವರನ್ನು ನಿಲ್ಲಿಸಬಾರದೆಂದು ಒಳಗೆ ಕೂರಿಸಿದೆ. ಚಹಾ ಕೊಟ್ಟೆ. ಲೋಟ ತುಂಬಿದರೆ ಚೆಲ್ಲುತ್ತದೆಂದು ಅರ್ಧ ಹಾಕಿದೆ.

ಆಮೇಲೆ ಲೋಟ ನೋಡಿಕೊಂಡೇ ಹೇಳತೊಡಗಿದ.

"ರೊದಿಯೋನ್‌ಗೆ ಆ ವರ್ಷ ಕತ್ತಿನ ಕೆಳಗಿನ ಮೂಳೆ ಬಿರುಕು ಬಿಟ್ಟಿತ್ತು. ನಿನಗೆ ಗೊತ್ತು. ಕೋವಿ ಒದ್ದರೆ ಕಣ್ಣಲ್ಲಿ ನೀರು ಬರ್ತಿತ್ತು. ಆದರೂ ಬರ್ತೀನಿ ಅಂದ. ಅವನಿಗೆ ನೋವಾಗಬಾರದು ಅಂತ ನಾನೇ ಕೂತು ತೋಟಾ ತುಂಬಿದೆ, ಮದ್ದು ಕಡಿಮೆ ಹಾಕಿ. ಗುಂಡು ಹಂದಿ ಭುಜದ ಗಡಸು ಚರ್ಮದಲ್ಲೇ ನಿಂತುಹೋಯ್ತು. ಒಂದು ಗಂಟೆ ಕಾಯೋಣ ಅಂದೆ. ಬಿದ್ದಿರುತ್ತೆ ಬಾ ಅಂತ ಪೊದೆಗೆ ನುಗ್ಗಿಬಿಟ್ಟ. ತೋಟಾದಲ್ಲಿ ಮದ್ದು ಕಡಿಮೆ ಅಂತ ಅವನಿಗೆ ನಾನು ಹೇಳಿರಲಿಲ್ಲ ಕಪಾ. ಹೇಳಿದ್ರೆ ನಗ್ತಾನೆ ಅಂತ."

ಒಲೆಯಲ್ಲಿ ಕಟ್ಟಿಗೆ ಕುಸಿಯಿತು. ಎದ್ದು ಸರಿಮಾಡಿದೆ.

"ನಾನು ಕ್ಷಮೆ ಕೇಳೋಕೆ ಬಂದಿಲ್ಲ," ಎಂದ. "ನೀನು ಹಸಿರೇ ಹಾಕು. ಕಾರ್ಖಾನೆಯಲ್ಲಿ ತುಂಬಿದ್ದು, ನನ್ನ ಕೈ ಮುಟ್ಟದ್ದು. ಅಷ್ಟು ಹೇಳಬೇಕಿತ್ತು."

ಒಂಬತ್ತು ವರ್ಷ ನಾನು ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಿದ್ದ ಮಾತು ಎಷ್ಟಿತ್ತು! ಒಂದೂ ಬಾಯಿಗೆ ಬರಲಿಲ್ಲ. "ಚಹಾ ಆರಿಹೋಯ್ತು. ಬಿಸಿ ಹಾಕ್ತೀನಿ," ಎಂದೆ. ಅದಾದ ಮೇಲೆ ಲುಕಿಚ್ ಎದ್ದು ಹೋದರು. ಹೊಳೆ ದಾಟುವವರೆಗೆ ಬಾಗಿಲಲ್ಲಿ ನಿಂತಿದ್ದೆ, ಕಲ್ಲು ಜಾರುತ್ತದೆ.

ಆಗಸ್ಟ್ 20

ಸ್ಪಷ್ಟವಾಗಿ ಬರೆದಿಡುತ್ತೇನೆ: ಕ್ಷಮಿಸಿಲ್ಲ.

ಆಗಸ್ಟ್ 24

ಲೀಪಾ ಮರಕ್ಕೆ ಹಲಗೆ ಕಟ್ಟಿ ಕೂರುವ ಜಾಗ ಮಾಡಿದ್ದಾಯಿತು. ಆಳೆತ್ತರ. ಗಾಳಿ ಹೊಳೆಯಿಂದ ಬಯಲಿಗೆ ಬೀಸುತ್ತದೆ, ಕರಡಿ ಬರುವುದೂ ಹೊಳೆಯ ಕಡೆಯಿಂದಲೇ. ನನ್ನ ವಾಸನೆ ಅದಕ್ಕೆ ಸಿಗುವುದಿಲ್ಲ. ಲುಕಿಚ್ ಕೆಳಗೆ ನಿಂತು, ಆ ಮೊಳೆ ಬೇಡ ಈ ಮೊಳೆ ಹಾಕು ಎಂದು ತಲೆ ತಿಂದರು.

"ಕೋವಿ ಹಿಡಿಯೋಕೆ ಆಗದಿದ್ರೂ ಬಾಯಿ ಮಾತ್ರ ನಡುಗಲ್ಲ ನಿಮ್ಮದು."

"ಅದೊಂದಾದ್ರೂ ಇರಲಿ ಬಿಡೇ."

ಎರಡು ದಿನಕ್ಕೆಂದು ಮಾಡಿದ್ದ ಕೋಸಿನ ಸಾರು ಒಂದೇ ಸಂಜೆಗೆ ಮುಗಿಯಿತು. ಇನ್ನು ದೊಡ್ಡ ಪಾತ್ರೆಯಲ್ಲೇ ಮಾಡಬೇಕು.

ಆಗಸ್ಟ್ 27

ಮೂರು ಬೆಳಗು ಕಾದೆ. ಬರಲಿಲ್ಲ. ಇಳಿಯುವಾಗ ಮಂಡಿ ಮಡಚಲಾಗುತ್ತಿಲ್ಲ. ಇಂದು ಇನ್ಸ್‌ಪೆಕ್ಟರ್ ಫೋನು ಮಾಡಿ, "ಸಾಕು ಅಮ್ಮಾ, ಬೇಟೆಗಾರರ ತಂಡ ಕಳಿಸ್ತೀನಿ," ಎಂದ. ಪರವಾನಗಿ ನನ್ನ ಹೆಸರಿನಲ್ಲಿದೆ, ಪೆಟ್ಟಿಗೆಗಳೂ ನನ್ನವು, ಕಳಿಸುವುದಾದರೆ ಮಂಡಿಗೆ ಹಚ್ಚುವ ಎಣ್ಣೆ ಕಳಿಸು ಎಂದೆ.

ಆಗಸ್ಟ್ 29

ಅಕ್ಷರ ಸೊಟ್ಟ ಬಂದರೆ ಬರಲಿ.

ಐದೂವರೆಗೆ ಬೆಳಕು ಬಿಟ್ಟಿತ್ತು. ಮಂಜು ಮೊಣಕಾಲೆತ್ತರಕ್ಕೆ ಹರಡಿತ್ತು. ಲುಕಿಚ್ ಮನೆಯ ಕಿಟಕಿಯ ಹಿಂದೆ ಇದ್ದರು, ಹೊರಗೆ ಬರಕೂಡದೆಂದು ಹೇಳಿದ್ದೆ. ಹೊಳೆಯ ಕಡೆ ಕಲ್ಲು ಉರುಳಿದ ಸದ್ದಾಯಿತು. ಆಮೇಲೆ ಮಂಜಿನ ಮೇಲೆ ಒಂದು ಕಪ್ಪು ಬೆನ್ನು ಮಾತ್ರ ತೇಲಿಕೊಂಡು ಬಂತು, ದೋಣಿಯ ಹಾಗೆ.

ನಲವತ್ತು ಹೆಜ್ಜೆಯಲ್ಲಿ ನಿಂತಿತು. ಮೂತಿ ಎತ್ತಿ ಗಾಳಿ ಹಿಡಿಯಿತು. ಕೆಂಪು ಹಾಕಿದ್ದರೆ ಆಗಲೇ ಹೊಡೆಯುತ್ತಿದ್ದೆನೇನೋ. ಬೆರಳು ಕೋವಿಯ ಕುದುರೆಯ ಮೇಲಿತ್ತು. ಗೂಟ ದಾಟಲಿ, ಗೂಟ ದಾಟಲಿ ಎಂದು ಒಳಗೇ ಹೇಳಿಕೊಂಡೆ. ಅದು ಆರಾಮವಾಗಿ ನಡೆದು ಬಂದು ಗೂಟ ದಾಟಿತು. ಮೊದಲ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟಿತು. ಪಕ್ಕೆ ನನ್ನ ಕಡೆಗಿತ್ತು. ಮುಂಗಾಲಿನ ಹಿಂದೆ, ಸ್ವಲ್ಪ ಕೆಳಗೆ. ಬಲನಳಿಗೆ.

ಸದ್ದು ನನಗೆ ಕೇಳಿಸಲೇ ಇಲ್ಲ. ಕರಡಿ ಮುಗ್ಗರಿಸಿತು, ಹೂಂಕರಿಸಿತು, ತಿರುಗಿ ಹೊಳೆಬದಿಯ ಪೊದೆಗೆ ನುಗ್ಗಿತು. ಕೊಂಬೆ ಮುರಿಯುವ ಸದ್ದು. ಆಮೇಲೆ ಏನೂ ಇಲ್ಲ.

ಇಳಿದೆ. ಹೇಗೆ ಇಳಿದೆನೋ ಗೊತ್ತಿಲ್ಲ. ಬಲನಳಿಗೆಗೆ ಮತ್ತೆ ಹಸಿರು ತುಂಬಿ ಪೊದೆಯ ಕಡೆ ಹೆಜ್ಜೆ ಹಾಕಿದೆ. ಹುಲ್ಲಿನ ಮೇಲೆ ರಕ್ತವಿತ್ತು, ನೊರೆನೊರೆಯಾಗಿ. ಬಿದ್ದಿರುತ್ತದೆ, ಈಗಲೇ ನೋಡಬೇಕು, ಅಷ್ಟೇ ತಲೆಯಲ್ಲಿದ್ದದ್ದು. ಹಿಂದಿನಿಂದ ಯಾರೋ ನನ್ನ ಕೋಟಿನ ತೋಳು ಹಿಡಿದರು. ಹಿಡಿದ ಕೈ ಒಂದೇ ಸಮನೆ ನಡುಗುತ್ತಿತ್ತು.

"ಒಂದು ಗಂಟೆ," ಎಂದರು ಲುಕಿಚ್.

"ಬಿಡಿ. ನೊರೆ ರಕ್ತ ಇದೆ, ಗುಂಡು ಶ್ವಾಸಕೋಶಕ್ಕೇ ಹೋಗಿದೆ."

"ಇರಬಹುದು. ಒಂದು ಗಂಟೆ, ಕಪಾ. ಈ ಸಲ ನಾನು ಬಿಡಲ್ಲ. ಬೇಕಾದ್ರೆ ನನಗೇ ಹೊಡೆದು ಹೋಗು."

ಜೀವನದಲ್ಲಿ ಯಾರ ಮಾತಿಗೂ ನಾನು ನಿಂತವಳಲ್ಲ. ನಿಂತೆ. ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಕೋವಿ ನನ್ನ ತೊಡೆಯ ಮೇಲೆ, ಅವರ ಕೈ ನನ್ನ ತೋಳಿನ ಮೇಲೆ. ಗಂಟೆಯುದ್ದಕ್ಕೂ ಬಿಡಲಿಲ್ಲ. ಬಿಸಿಲು ಬಂತು, ಹುಳುಗಳು ಹೊರಟವು. ಒಮ್ಮೆ ನೋಡಿದಾಗ ಅವರ ಕೆನ್ನೆ ಒದ್ದೆಯಾಗಿತ್ತು. ನಾನು ಹೊಳೆಯ ಕಡೆ ನೋಡಿದೆ.

ಏಳು ಗಂಟೆಗೆ ಹೋದೆವು. ನಾನು ಮುಂದೆ. ಅವರು ಹಿಂದೆ, ಕೈಯಲ್ಲಿ ಕೊಡಲಿ, ಯಾವ ಉಪಯೋಗಕ್ಕೋ. ಪೊದೆಯೊಳಗೆ ಅರವತ್ತು ಹೆಜ್ಜೆ. ಒಂದು ಜಾಗದಲ್ಲಿ ಅದು ತಿರುಗಿ, ಬಂದ ದಾರಿಗೇ ಮುಖ ಮಾಡಿ ಮಲಗಿ ಕಾದಿತ್ತು. ಹುಲ್ಲು ಚಪ್ಪಟೆಯಾಗಿ ರಕ್ತ ಹೆಪ್ಪುಗಟ್ಟಿತ್ತು. ಆಗಲೇ ನುಗ್ಗಿದ್ದರೆ ಅದರ ಬಾಯಿಗೇ ಹೋಗುತ್ತಿದ್ದೆ. ಅಲ್ಲಿಂದ ಹತ್ತು ಹೆಜ್ಜೆ ಆಚೆ ಸತ್ತು ಬಿದ್ದಿತ್ತು.

ಮುದಿ ಗಂಡು. ಹಲ್ಲುಗಳು ಸವೆದು ಒಸಡಿಗೆ ಬಂದಿದ್ದವು. ಕಾಡಿನಲ್ಲಿ ಇನ್ನೇನನ್ನೂ ಅಗಿಯಲಾಗದೆ ನನ್ನ ಜೇನಿಗೆ ಬಂದಿತ್ತು. ಗೆದ್ದೆ ಅನ್ನಿಸಲಿಲ್ಲ. ಹೆದರಿಕೆಯೂ ಉಳಿದಿರಲಿಲ್ಲ. ಟೋಪಿ ತೆಗೆದೆ. ಲುಕಿಚ್ ಕೂಡ ತೆಗೆದರು.

ಆಗಸ್ಟ್ 30

ಇನ್ಸ್‌ಪೆಕ್ಟರ್ ಬಂದು ಅಳತೆ ಹಿಡಿದು ಕಾಗದಕ್ಕೆ ಸಹಿ ಹಾಕಿಸಿಕೊಂಡ. ಗುಂಡು ಎರಡೂ ಶ್ವಾಸಕೋಶ ತೂರಿ ಆಚೆ ಪಕ್ಕೆಯ ಚರ್ಮದ ಕೆಳಗೆ ಸಿಕ್ಕಿತು. "ಇಷ್ಟು ಕೊಬ್ಬಿಗೆ ಟೊಳ್ಳು ಮೂತಿಯದು ಒಳಗೆ ಮುಟ್ತಿರಲಿಲ್ಲ. ಯಾರು ಆರಿಸಿಕೊಟ್ಟರು?" ಎಂದು ಕೇಳಿದ.

"ಹಳೇ ಪತ್ರಿಕೆ," ಎಂದೆ.

ಲುಕಿಚ್ ಕೆಮ್ಮು ಬಂದವರ ಹಾಗೆ ಮುಖ ತಿರುಗಿಸಿದರು. ಮೂರು ವಾರದಲ್ಲಿ ಮೊದಲ ಸಲ ಅವರು ನಕ್ಕಿದ್ದು.

ಸೆಪ್ಟೆಂಬರ್ 4

ಚಳಿ ಶುರುವಾಗಿದೆ.

ಹುಳುಗಳಿಗೆ ಪಾಕ ಕುಡಿಸಲು ಸಕ್ಕರೆ ಬೇಕಿತ್ತು. ಲುಕಿಚ್‌ಗೆ ಬ್ರೆಡ್ಡು ಬೇಕಿತ್ತು. ಒಟ್ಟಿಗೇ ಅಂಗಡಿಗೆ ಇಳಿದೆವು. ಸಾಲಿನಲ್ಲಿ ಏಳೆಂಟು ಜನ ಇದ್ದರು. ಒಳಗೆ ಕಾಲಿಟ್ಟೊಡನೆ ಎಲ್ಲರೂ ನಮ್ಮಿಬ್ಬರ ಕಡೆ ತಿರುಗಿದರು.

ಎದುವಾರ್ದ್ ಶುರು ಮಾಡಿದ. "ಬನ್ನಿ ಬನ್ನಿ, ಕರಡಿ ಹೊಡೆದ ಶೂರರು! ನಿಜ ಹೇಳಿ ಅಕ್ಕಾ, ಕುದುರೆ ಎಳೆದಿದ್ದು ಯಾರು? ನಮ್ಮ ಲುಕಿಚ್ ತಾನೇ?"

"ನನಗೆ ಚಮಚ ಹಿಡಿಯೋಕಾಗಲ್ಲ ಎದುವಾರ್ದ್," ಎಂದರು ಲುಕಿಚ್. "ನಾನು ಕಿಟಕಿ ಹಿಂದೆ ಇದ್ದೆ. ಹೊಡೆದಿದ್ದು ಇವಳು. ಗುಂಡು ಆರಿಸಿದ್ದೂ ಇವಳೇ."

ಸೋತವನಿಗೆ ಸುಮ್ಮನಿರಲಾಗಲಿಲ್ಲ. ಸಕ್ಕರೆ ತೂಗುತ್ತಾ, "ಹೋಗ್ಲಿ ಬಿಡಿ. ಈ ಸಲ ಜೊತೆಗೆ ಹೋದವರನ್ನ ಜೀವಂತ ವಾಪಸ್ ಕರ್ಕೊಂಡು ಬಂದ್ರಲ್ಲ ಲುಕಿಚ್, ಅದೇ ದೊಡ್ಡದು," ಎಂದ.

ಎಲ್ಲರೂ ಲುಕಿಚ್ ಮುಖ ಬಿಟ್ಟು ನನ್ನ ಮುಖವನ್ನೇ ನೋಡಿದರು. ಯಾಕೆ ನೋಡಿದರೋ ಗೊತ್ತಿಲ್ಲ. ಲುಕಿಚ್ ಬ್ರೆಡ್ಡನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತಾ ನಿಂತುಬಿಟ್ಟರು.

ನನಗೆ ತಡೆಯಲಾಗಲಿಲ್ಲ. "ಬಾಯಿ ಮುಚ್ಚೋ! ಅವತ್ತು ಕಾಡಲ್ಲಿ ನೀನಿದ್ದೆಯಾ? ನನ್ನ ತಮ್ಮನ್ನ ಹನ್ನೆರಡು ಮೈಲಿ ಬೆನ್ನ ಮೇಲೆ ಹೊತ್ತು ತಂದಿದ್ದು ನೀನಾ, ಇವರಾ? ತಿಳಿಯದ ವಿಷಯಕ್ಕೆ ಇನ್ನೊಂದು ಸಲ ನಾಲಿಗೆ ಹಾಕು, ನಿನ್ನ ಅಂಗಡಿ ಮೆಟ್ಟಿಲು ಈ ಊರಲ್ಲಿ ಯಾರೂ ಹತ್ತದ ಹಾಗೆ ಮಾಡ್ತೀನಿ. ಆ ಬಯಲಿನ ಆಸೆಯನ್ನೂ ಇವತ್ತೇ ಬಿಟ್ಟುಬಿಡು. ನಾನಿರೋ ತನಕ ಅಲ್ಲಿ ಪೆಟ್ಟಿಗೆ ಇರುತ್ತೆ. ಆಮೇಲೂ ಇರುತ್ತೆ. ತೂಗು ಸಕ್ಕರೆ!"

ತೂಗಿದ. ಕೈ ತಪ್ಪಿ ಹೆಚ್ಚೇ ಹಾಕಿದ.

ವಾಪಸ್ ಬರುವಾಗ ಏರಿನಲ್ಲಿ ಲುಕಿಚ್ ಎರಡು ಸಲ ನಿಂತರು. ಮಾತಾಡಿಸಿದರೆ ತಲೆಯಾಡಿಸಿದರು, ಅಷ್ಟೆ. ಅಷ್ಟು ನೊಂದುಕೊಂಡಿದ್ದಾರೆ, ಪಾಪ. ಮನೆಗೆ ಬಂದು ದೀಪ ಹಚ್ಚಿ ಇದನ್ನು ಬರೆಯುವಾಗಲೂ ನನ್ನ ಸಿಟ್ಟು ಇಳಿದಿಲ್ಲ. ಒಂಬತ್ತು ವರ್ಷ ಹಳೆಯ ಮಾತನ್ನು ಇನ್ನೂ ಬಾಯಲ್ಲಿಟ್ಟುಕೊಂಡು ಚಪ್ಪರಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎಂಥ ಜನವೋ!